ನಿಂಬೆಹಣ್ಣಿನ ಗಾಡಿಗೊಂದು ಕಿಟಕಿ

ನಮ್ಮ ಅಡುಗೆಮನೆಯ ಒಲೆ ಆಗ್ನೇಯ ಮೂಲೆಯಲ್ಲಿದೆ. ರೊಟ್ಟಿ ಬಡಿಯುವವರು ಪೂರ್ವಕ್ಕೆ ಮುಖ ಮಾಡಿ ನಿಲ್ಲಬೇಕು, ವಾಸ್ತು ಹಾಗೆ ಹೇಳುತ್ತದಂತೆ. ಪೂರ್ವಕ್ಕೆ ಏನಿದೆ ಎಂದರೆ ಗೋಡೆಯಿದೆ. ಇಂಡಿಗೆ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷವಾಯಿತು, ಬೆಳಿಗ್ಗೆ ಎದ್ದು ಮುಖ ತೊಳೆದು ನಾನು ಮೊದಲು ನೋಡುವುದು ಆ ಗೋಡೆಯನ್ನೇ. ಅದರ ಮೇಲೆ ಎಣ್ಣೆ ಸಿಡಿದ ಕಲೆಗಳಿವೆ. ನನ್ನ ಕಣ್ಣಿನ ಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗೆ ಒಂದು ಮೊಳೆಯಿದೆ. ಅದಕ್ಕೆ ಏನನ್ನೂ ತೂಗುಹಾಕಿಲ್ಲ, ಹಾಕಲೂ ಬರುವುದಿಲ್ಲ, ಒಲೆಯ ಝಳ ಬಡಿಯುತ್ತದೆ. ಯಾವ ಪುಣ್ಯಾತ್ಮ ಇದನ್ನು ಇಲ್ಲಿ ಹೊಡೆದನೋ ಎಂದು ಸಿಟ್ಟು ಬಂದಾಗಲೆಲ್ಲ ಅಂದುಕೊಂಡಿದ್ದೇನೆ. ನನಗೆ ಸಿಟ್ಟು ದಿನಕ್ಕೆ ಎರಡು ಸಲವಾದರೂ ಬರುತ್ತದೆ.

ನನ್ನ ಗಂಡ ನಿಂಬೆಹಣ್ಣಿನ ವ್ಯಾಪಾರಿ. ತೋಟದಿಂದ ಚೀಲಗಳನ್ನು ತುಂಬಿ ಮಾರುಕಟ್ಟೆಗೆ ಒಯ್ಯಲು ಒಂದು ಮುಚ್ಚಿದ ಡಬ್ಬಾ ಗಾಡಿ ಇಟ್ಟುಕೊಂಡಿದ್ದರು. ಹೋದ ವರ್ಷ ಅದಕ್ಕಿಂತ ದೊಡ್ಡದು ಬಂತು, ಹಳೆಯದು ಅಂಗಳದಲ್ಲಿ ನಿಂತಿತು. ಮಾರುತ್ತಾರೆ ಅಂದುಕೊಂಡಿದ್ದೆ. ಅಷ್ಟರಲ್ಲಿ ಅವರು ಮೊಬೈಲಿನಲ್ಲಿ ಯಾವುದೋ ದೇಶದ ಗಂಡ ಹೆಂಡತಿ ಗಾಡಿಯಲ್ಲೇ ಮಲಗಿ, ಗಾಡಿಯಲ್ಲೇ ಉಂಡು ಊರೂರು ತಿರುಗುವುದನ್ನು ನೋಡಿದರು. ಮೂರು ದಿನ ನೋಡಿದರು. ನಾಲ್ಕನೆಯ ದಿನ ಚಹಾ ಕುಡಿಯುತ್ತ ಘೋಷಿಸಿದರು.

"ಗಾಡಿ ಮಾರೂದು ಬ್ಯಾಡ. ಅದರಾಗ ಮನಿ ಮಾಡೂಣು."

"ಇರೂ ಮನಿ ಕಸಾ ಹೊಡದು ಹೊಡದು ಸಾಕಾಗೇತಿ ನನಗ" ಎಂದೆ.

"ಇದು ಅಡ್ಡಾಡೂ ಮನಿ. ನಿನಗ ಏನ್ ಬೇಕು ಹೇಳು, ಹಾಕಸ್ತೇನಿ."

ಹೀಗೆ ಕೇಳುವವರು ಸಿಗುವುದು ಅಪರೂಪ. ನಾನು ತಡಮಾಡಲಿಲ್ಲ. ನನಗೆ ಬೇಕಾದದ್ದು ಒಂದು ಕಿಟಕಿ. ದಿಂಬಿನ ಪಕ್ಕ ಇರಬೇಕು. ಬೆಳಿಗ್ಗೆ ಏಳದೆ, ಒಲೆ ಹಚ್ಚದೆ, ಬರೀ ಕಣ್ಣು ತೆರೆದರೆ ನೀರು ಕಾಣಬೇಕು. ಹೊಳೆಯ ನೀರು, ಕೆರೆಯ ನೀರು, ಯಾವುದಾದರೂ ನಡೆದೀತು. ಒಂದೇ ಒಂದು ಬೆಳಿಗ್ಗೆ ಸಾಕು. ಅವರು ಹೂಂ ಎಂದು ತಲೆ ಆಡಿಸಿದರು. ಮುದ್ದೇಬಿಹಾಳದ ಕಡೆ ಕೃಷ್ಣೆಯ ಹಿನ್ನೀರಿನ ದಂಡೆಗೆ ಅವರ ಪರಿಚಯದ ರೈತರೊಬ್ಬರ ಹೊಲವಿತ್ತು. ಮೊದಲ ಪ್ರಯಾಣ ಅಲ್ಲಿಗೇ ಎಂದು ಮಾತಾಯಿತು.

ಕೆಲಸಕ್ಕೆ ಕರೆದದ್ದು ಬಡಗಿ ಚಾಚಾ ಅವರನ್ನು. ನಮ್ಮ ಮನೆಯ ಬಾಗಿಲು, ಚೌಕಟ್ಟು, ಕಪಾಟು ಎಲ್ಲ ಅವರ ಕೈಯದೇ. ಮೂವತ್ತು ವರ್ಷ ಮನೆ ಕಟ್ಟುವವರ ಜೊತೆ ದುಡಿದು ದುಡಿದು ಅವರಿಗೆ ವಾಸ್ತು ಎಷ್ಟು ಗೊತ್ತಾಗಿದೆ ಎಂದರೆ, ಸ್ವಾಮಿಗಳಿಗೂ ಗೊಂದಲವಾದರೆ ಚಾಚಾನನ್ನು ಕೇಳುತ್ತಾರೆ. ಬಂದವರು ಗಾಡಿಯ ಸುತ್ತ ಒಂದು ಸಲ ನಡೆದು, ಮೂಗು ಎತ್ತಿ ನಿಂಬೆಯ ವಾಸನೆ ಹಿಡಿದು, ಮೊದಲ ಅಪ್ಪಣೆ ಕೊಟ್ಟರು: "ಗಾಡಿ ಮೂಡಲಕ ಮುಖ ಮಾಡಿ ನಿಲ್ಸ್ರಿ. ಮನಿ ಅಂದಮ್ಯಾಲ ದಿಕ್ಕು ಬೇಕೋ ಬ್ಯಾಡೋ?"

ನನ್ನ ಗಂಡ ಗಾಡಿ ತಿರುಗಿಸಿದರು. ಕಟ್ಟೆಯ ಮೇಲೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದ ನನ್ನ ಅತ್ತೆಯವರಿಗೆ ಬಹಳ ಸಮಾಧಾನವಾಯಿತು. ಅವರಿಗೆ ಎಪ್ಪತ್ತು ದಾಟಿದೆ. ಮನೆಯಲ್ಲಿ ಯಾವ ಸಾಮಾನು ಯಾವ ದಿಕ್ಕಿಗಿರಬೇಕು ಎಂಬುದರಲ್ಲಿ ಕೊನೆಯ ಮಾತು ಅವರದೇ.

"ಒಲಿ ಆಗ್ನೇಯ ಮೂಲ್ಯಾಗ ಬರಲಿ" ಎಂದರು. "ಒಲಿ ಮೂಲಿ ತಪ್ಪಿದ್ರ ಮನ್ಯಾಗ ಜಗಳ ತಪ್ಪೂದಿಲ್ಲ."

ನಮ್ಮ ಒಲೆ ಮೂಲೆ ತಪ್ಪಿಲ್ಲ. ಜಗಳವೂ ತಪ್ಪಿಲ್ಲ. ಇದನ್ನು ನಾನು ಮನಸ್ಸಿನಲ್ಲೇ ಹೇಳಿಕೊಂಡೆ. ಬಾಯಿಬಿಟ್ಟು ಕೇಳಿದ್ದು ಬೇರೆ.

"ಗಾಡಿ ಸಿಂದಗಿ ಕಡೆ ತಿರುಗಿದ್ರ ಆಗ್ನೇಯ ಎಲ್ಲಿ ಹೋಗ್ತೈತ್ರಿ ಚಾಚಾ?"

ಚಾಚಾ ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದರು. ಮತ್ತೆ ಅಲ್ಲೇ ಸಿಗಿಸಿದರು. "ಓಡೂವಾಗ ಅದು ಗಾಡಿ ರಿ. ನಿಂತಾಗ ಮನಿ. ನಿಂತಾಗ ಮೂಡಲಕ ಮುಖ ಮಾಡಿ ನಿಲ್ಸ್ರಿ, ಅಷ್ಟ."

ಇಂಥ ತೀರ್ಪಿಗೆ ಮೇಲ್ಮನವಿ ಇಲ್ಲ. ಚಾಲಕನ ಬೆನ್ನ ಹಿಂದಿನ ಬಲಮೂಲೆ ಒಲೆಗೆ ಗಟ್ಟಿಯಾಯಿತು. ಅಲ್ಲಿ ನಿಂತು ಅಡುಗೆ ಮಾಡುವವರ ಮೂಗಿಗೆ ಮುಂದಿನ ತಗಡಿನ ಗೋಡೆ ತಾಗುತ್ತಿತ್ತು. ಗಾಡಿಯಲ್ಲೂ ನನಗೆ ಗೋಡೆಯೇ ಗತಿ.

ಆಮೇಲೆ ತಿಂಗಳುಗಟ್ಟಲೆ ನಮ್ಮ ಅಂಗಳ ಅಂಗಳವಾಗಿ ಉಳಿಯಲಿಲ್ಲ. ಬಿಸಿಲಿಗೆ ಆ ತಗಡಿನ ಡಬ್ಬಿ ರೊಟ್ಟಿಯ ಹಂಚಿನ ಹಾಗೆ ಕಾಯುತ್ತಿತ್ತು. ಒಳಗೆಲ್ಲ ಥರ್ಮಾಕೋಲ್ ಹೊಂದಿಸಿ, ಅದರ ಮೇಲೆ ಪ್ಲೈವುಡ್ ಹೊಡೆದರು. ಥರ್ಮಾಕೋಲಿನ ಚೂರು ಗಾಳಿಗೆ ಹಾರಿ ಒಣಹಾಕಿದ ಶಾವಿಗೆಯಲ್ಲಿ ಸೇರಿಕೊಂಡಿತು. ಗಾಡಿಯ ಮಾಡಿನ ಮೇಲೆ ಸೋಲಾರ್ ಹಲಗೆ ಕೂತಿತು, ಒಳಗೊಂದು ಬ್ಯಾಟರಿ, ಒಂದು ಸಣ್ಣ ಫ್ಯಾನ್. ಆರ್‌ಟಿಒ ಕಚೇರಿಯವರಿಗೆ ಇದು ಸಾಮಾನಿನ ಗಾಡಿಯಲ್ಲ, ಮಲಗುವ ಗಾಡಿ ಎಂದು ತಿಳಿಸಿಹೇಳಲು ನನ್ನ ಗಂಡ ಎಷ್ಟು ಸಲ ಅಲೆದರು ಎಂಬುದನ್ನು ಬೇಕಾದರೆ ಅವರೇ ಬರೆಯಲಿ. ನಾನು ಆಗ ಹಾಸಿಗೆಯ ಹೊದಿಕೆ ಹೊಲಿಯುತ್ತಿದ್ದೆ.

ನೋಡಲು ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟು ಹೋದರು. ಚಾಚಾ ಯಾರ ಮಾತನ್ನೂ ಕೇಳಲಿಲ್ಲ, ಆದರೆ ತಾವಾಗಿಯೇ ಹಿಂಬಾಗಿಲಿಗೆ ನಾಲ್ಕು ಬೆರಳು ಎತ್ತರದ ಸಾಗವಾನಿ ಹೊಸ್ತಿಲು ಕೂಡಿಸಿದರು. ಹೊಸ್ತಿಲಿಲ್ಲದ್ದನ್ನು ಮನೆ ಎನ್ನಲು ಅವರ ನಾಲಿಗೆ ಏಳುವುದಿಲ್ಲವಂತೆ. ಅತ್ತೆಯವರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು. ನನ್ನ ಗಂಡ ಅದನ್ನು ಎಡವಿ ಹೆಬ್ಬೆರಳಿನ ಉಗುರು ಕಳೆದುಕೊಂಡರು.

ನನ್ನ ಕಿಟಕಿಯನ್ನು ಗುಜರಿ ಅಂಗಡಿಯಿಂದ ತಂದರು. ಯಾವುದೋ ಹಳೆಯ ಬಸ್ಸಿನ ಸರಿಯುವ ಗಾಜು. ಎಲ್ಲಿ ಕೊರೆಯಬೇಕು ಎಂದು ಚಾಚಾ ಕೇಳಿದಾಗ ನಾನು ಗಾಡಿ ಹತ್ತಿದೆ. ಎಡಬದಿಯ ಮಂಚದ ಹಲಗೆಯ ಮೇಲೆ ಮಲಗಿ, ಚೀಲವನ್ನು ಮಡಿಸಿ ದಿಂಬು ಮಾಡಿ, ಮಗ್ಗುಲಾಗಿ, "ಇಗಾ, ಇಲ್ಲಿ" ಎಂದು ಕಣ್ಣಿನ ಎದುರು ಬೆರಳಿಟ್ಟೆ. ಚಾಚಾ ಸುಣ್ಣದ ಕಡ್ಡಿಯಿಂದ ಗೆರೆ ಎಳೆದರು. ಗಾಡಿ ಪೂರ್ವಕ್ಕೆ ನಿಂತಿದ್ದರಿಂದ ಗಾಜು ಕೂಡಿಸಿದ ಮೇಲೆ ಉತ್ತರಕ್ಕಿರುವ ನಮ್ಮ ಬಚ್ಚಲಿನ ಗೋಡೆ ಅದರೊಳಗೆ ಕಂಡಿತು. ಹೊಳೆಗೆ ಹೋದ ಮೇಲೆ ಹೊಳೆ ಕಾಣುತ್ತದೆ ಎಂದು ಸುಮ್ಮನಿದ್ದೆ. ನನ್ನಂಥ ದಡ್ಡಿ ಇನ್ನೊಬ್ಬಳಿರಲಿಕ್ಕಿಲ್ಲ.

ಹೊರಡುವ ಹಿಂದಿನ ದಿನ ಅತ್ತೆಯವರು ಒಂದು ಗಂಟು ಕಟ್ಟಿಕೊಂಡು ಬಂದು ಗಾಡಿಯಲ್ಲಿಟ್ಟರು. ತಿಂಗಳಿಟ್ಟರೂ ಕೆಡದ ಕಟಕರೊಟ್ಟಿ, ಶೇಂಗಾ ಚಟ್ನಿ, ಎರಡು ಸೀರೆ.

"ನಾನೂ ಬರ್ತೇನಿ" ಎಂದರು. "ದಿಕ್ಕು ನೋಡಿ ಒಲಿ ಹಚ್ಚವರು ಯಾರರೇ ಬೇಕಲ್ಲ."

ನನ್ನ ಮುಖ ಹೇಗಾಗಿತ್ತೋ ಗೊತ್ತಿಲ್ಲ. ಇಬ್ಬರಿಗೆಂದು ಮಾಡಿದ ಮಂಚಕ್ಕೆ ಇಬ್ಬರೇ, ನಾನು ಮತ್ತು ಅತ್ತೆ. ನನ್ನ ಗಂಡನಿಗೆ ಚಾಲಕನ ಸೀಟು. ಅದೊಂದೇ ನನಗೆ ಸ್ವಲ್ಪ ಸಂತೋಷ ಕೊಟ್ಟ ವಿಷಯ.

ಸಿಂದಗಿಯಲ್ಲಿ ಸಂಬಂಧಿಕರೊಬ್ಬರಿಗೆ ನಿಂಬೆ ಉಪ್ಪಿನಕಾಯಿ ಮುಟ್ಟಿಸುವುದಿತ್ತು. ಅದನ್ನು ಕೊಟ್ಟು ಊರ ಹೊರಗೆ ಬಂದೊಡನೆ ಅತ್ತೆಯವರಿಗೆ ಚಹಾ ಬೇಕಾಯಿತು. ಹೋಟೆಲಿನ ಚಹಾ ಅವರಿಗೆ ಆಗುವುದಿಲ್ಲ. ಚಹಾ ಎಂದರೆ ಒಲೆ, ಒಲೆ ಎಂದರೆ ಪೂರ್ವ. ನನ್ನ ಗಂಡ ಮೊಬೈಲಿನ ದಿಕ್ಸೂಚಿಯನ್ನು ಅಂಗೈಯಲ್ಲಿ ಹಿಡಿದು, ರಸ್ತೆಯ ಬದಿಗೆ ಗಾಡಿಯನ್ನು ಹಿಂದೆ ಮುಂದೆ ಮಾಡಿ ಅಡ್ಡಡ್ಡ ನಿಲ್ಲಿಸಿದರು. ಗಾಡಿಯ ಬಾಲ ರಸ್ತೆಗೆ ಚಾಚಿತು. ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ಇಳಿದೇ ಬಂದ.

"ಯಾಕ್ರಿ ಸಾವ್ಕಾರ, ಗಾಡಿಗಿ ಏನಾಗೇತಿ?"

"ಏನಿಲ್ಲೋ ಮಾರಾಯಾ, ಚಾ ಮಾಡಾಕತ್ತೇವಿ."

ಅವನು ನಮ್ಮನ್ನು ಒಂದು ಸಲ ನೋಡಿದ, ಆಕಾಶವನ್ನು ಒಂದು ಸಲ ನೋಡಿದ, ಟ್ರ್ಯಾಕ್ಟರನ್ನು ಹೊಲಕ್ಕಿಳಿಸಿಕೊಂಡು ಸುತ್ತಿ ಹೋದ. ಬಸವನ ಬಾಗೇವಾಡಿಯಲ್ಲಿ ಮಧ್ಯಾಹ್ನದ ಅನ್ನಕ್ಕೆ ನಿಂತಾಗಲೂ ಇದೇ ಕುಣಿತ. ಅಲ್ಲಿ ನೋಡಲು ಜನ ಹೆಚ್ಚಿದ್ದರು. ಒಬ್ಬರಂತೂ ಕೈ ಬೀಸಿ ಬೀಸಿ, "ಇನ್ನ ತುಸು ಹಿಂದಕ, ಬರಲಿ ಬರಲಿ" ಎಂದು ನಮಗೆ ಪೂರ್ವ ತೋರಿಸಿಕೊಟ್ಟರು.

ಹೊತ್ತು ಮುಳುಗುವ ಮೊದಲು ಹೊಳೆಯ ದಂಡೆ ಮುಟ್ಟಿದೆವು. ನಾವು ಬಂದದ್ದು ಉತ್ತರದ ದಂಡೆಗೆ, ನೀರು ನಮಗೆ ದಕ್ಷಿಣಕ್ಕೆ. ಇಷ್ಟಗಲ ನೀರನ್ನು ನಾನು ಹತ್ತಿರದಿಂದ ನೋಡಿದ್ದಿಲ್ಲ. ಕೆಳಗಿಳಿದು ನೋಡುತ್ತ ನಿಂತೆ. ಹಿಂದೆ ಗಾಡಿ ಗುರುಗುಡುವುದು ಕೇಳಿಸಿತು. ತಿರುಗಿ ನೋಡಿದರೆ ನನ್ನ ಗಂಡ ಅದನ್ನು ಪೂರ್ವಕ್ಕೆ ನಿಲ್ಲಿಸಿ ಗಾಲಿಗೆ ಕಲ್ಲು ಕೊಡುತ್ತಿದ್ದರು. ಒಲೆಯ ಬದಿ, ಕಿಂಡಿಯೂ ಇಲ್ಲದ ತಗಡು, ಹೊಳೆಯ ಕಡೆಗೆ. ನನ್ನ ಕಿಟಕಿ ಜಾಲಿಯ ಪೊದೆಯ ಕಡೆಗೆ.

"ಗಾಡಿ ತಿರುಗಸ್ರಿ" ಎಂದೆ.

"ತಿರುಗಿಸಿದ್ರ ಒಲಿ ವಾಯವ್ಯಕ್ಕ ಹೋಗ್ತೈತಿ. ಅವ್ವ ಏನಂತಾಳೋ..."

"ಅವ್ವ, ಅವ್ವ. ನಾ ಏನ್ ಕೇಳಿದ್ದೆ ನಿಮಗ? ಬೆಳ್ಳಿ ಕೇಳಿದ್ನಾ, ಬಂಗಾರ ಕೇಳಿದ್ನಾ? ಒಂದು ಕಿಡಕಿ. ಜಾಲಿಗಂಟಿ ನೋಡಾಕ ಇಲ್ಲೀತನಕಾ ಬರಬೇಕಿತ್ತೇನು?"

ದನಿ ಜೋರಾಗಿತ್ತು, ಅತ್ತೆಯವರಿಗೆ ಕೇಳಿಸಿಯೇ ಇರುತ್ತದೆ. ನನ್ನ ಗಂಡ ಗಾಲಿಯ ಕಲ್ಲನ್ನೇ ನೋಡುತ್ತ ಕುಳಿತರು. ನನಗೆ ಅಳು ಬಂತು. ಐವತ್ತು ಹತ್ತಿರ ಬಂದವಳು ಒಂದು ಕಿಟಕಿಗಾಗಿ ಅಳುವುದು ನಗೆಪಾಟಲು ಎಂದು ಗೊತ್ತಿತ್ತು, ಆದರೂ ಬಂತು. ಉಣ್ಣದೆ, ಎಲ್ಲರಿಗೂ ಬೆನ್ನು ಮಾಡಿ ಮಲಗಿಬಿಟ್ಟೆ.

ಬೆಳಿಗ್ಗೆ ಎಚ್ಚರವಾಗಿ ಪರದೆ ಸರಿಸಿದೆ. ಜಾಲಿಯ ಪೊದೆ, ಅದರ ಬುಡದಲ್ಲಿ ಒಂದು ಆಡು. ಆಡು ನನ್ನನ್ನು ನೋಡುತ್ತ ಮೇಯುತ್ತಿತ್ತು. ಪಕ್ಕದಲ್ಲಿ ಅತ್ತೆಯವರು ಇರಲಿಲ್ಲ. ಹಿಂಬಾಗಿಲಿಂದ ಇಣುಕಿದರೆ, ನೀರಿನ ಅಂಚಿಗೆ ಒಂದು ಬಂಡೆಯ ಮೇಲೆ ಸೆರಗು ಹೊದ್ದು ಕುಳಿತಿದ್ದರು. ಎಷ್ಟು ಹೊತ್ತಿನಿಂದ ಕುಳಿತಿದ್ದರೋ. ಅಂದು ಅವರು ಒಲೆಯ ಕಡೆ ಹೋಗಿಯೇ ಇರಲಿಲ್ಲ. ನಿಧಾನಕ್ಕೆ ಮೊಣಕಾಲು ಹಿಡಿದುಕೊಂಡು ಎದ್ದು ಬಂದು, ಸೀಟಿನಲ್ಲಿ ಮುದುಡಿ ಮಲಗಿದ್ದ ಮಗನ ಬಾಗಿಲು ಬಡಿದರು.

"ಏಳೋ ತಮ್ಮಾ. ಗಾಡಿ ತಿರುಗಸು."

"ಯವ್ವಾ, ಒಲಿ..."

"ಒಲಿ ಎಲ್ಲಿ ಬೇಕಾದ್ರ ಹೋಗ್ಲಿ. ತಿರುಗಸು ಅಂದೆ."

ನನ್ನ ಗಂಡ ಚಪ್ಪಲಿಯನ್ನೂ ಹಾಕಿಕೊಳ್ಳದೆ ಕಲ್ಲು ಸರಿಸಿ ಗಾಡಿ ತಿರುಗಿಸಿದರು. ಗಾಡಿಯ ಮುಖ ಪಡುವಣಕ್ಕೆ ಬಂತು, ನನ್ನ ಕಿಟಕಿಯ ತುಂಬ ನೀರು ಬಂತು. ನಾನು ಹಿಂಬಾಗಿಲಲ್ಲಿ ಕುಳಿತೇ ಇದ್ದೆ. ಅತ್ತೆಯವರು ಹೊಸ್ತಿಲು ದಾಟಿ ಒಳಗೆ ಬಂದು ನನ್ನ ತೋಳು ಹಿಡಿದರು.

"ಮತ್ತ ಮಲಕ್ಕೋ. ಈಗ ಎದ್ದಂಗ ಮಾಡು."

ಮಲಗಿದೆ. ಹೇಳಿದ ಹಾಗೆ ಕಣ್ಣು ಮುಚ್ಚಿ ತೆರೆದೆ. ಬಿಸಿಲು ಇನ್ನೂ ಏರಿರಲಿಲ್ಲ. ನೀರು ಒಂದಿಷ್ಟೂ ಅಲ್ಲಾಡದೆ ಬಿದ್ದಿತ್ತು, ಆಚೆಯ ದಂಡೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಅತ್ತೆಯವರೂ ನನ್ನ ಪಕ್ಕ ಒರಗಿಕೊಂಡು, ನನ್ನ ಭುಜದ ಮೇಲಿಂದ ತಲೆ ಎತ್ತಿ ನೋಡತೊಡಗಿದರು.

"ಮನ್ಯಾಗ ಒಲಿ ಮುಂದ ಒಂದು ಮೊಳಿ ಐತಿ, ನೋಡಿಯೇನ?" ಎಂದರು.

"ದಿನಾ ನೋಡ್ತೇನ್ರಿ ಅತ್ಯಾರ."

"ಅದನ್ನ ನಾನ ಹೊಡದದ್ದು. ಲಗ್ನ ಆಗಿ ಬಂದ ವರ್ಷ. ನೋಡಾಕ ಏನರೇ ಬೇಕಲ್ಲಾ."

ನಾನು ತಿರುಗಿ ಅವರ ಮುಖ ನೋಡಲಿಲ್ಲ, ನೋಡುವ ಧೈರ್ಯವಾಗಲಿಲ್ಲ. ಇಷ್ಟು ವರ್ಷ ಆ ಮೊಳೆ ಹೊಡೆದ ಪುಣ್ಯಾತ್ಮನನ್ನು ಬೈದದ್ದೆಲ್ಲ ನೆನಪಾಯಿತು. ಅವರ ಮೇಲೆ ನನಗೆ ಹಿಂದೆಂದೂ ಬಾರದಷ್ಟು ಪ್ರೀತಿ ಬಂತು. ಒಲೆಯ ಕಡೆಯಿಂದ ಲೋಟ ಬಿದ್ದ ಸದ್ದು ಕೇಳಿಸಿತು. ನನ್ನ ಗಂಡ ವಾಯವ್ಯ ಮೂಲೆಯಲ್ಲಿ ನಿಂತು ಚಹಾ ಮಾಡುತ್ತಿದ್ದರು. ಸಕ್ಕರೆ ಎರಡು ಸಲ ಹಾಕಿದ್ದರು. ಅತ್ತೆಯವರು ಎರಡು ಕಪ್ಪು ಕುಡಿದರು. ಆಮೇಲೆ ಕಟಕರೊಟ್ಟಿಯ ಗಂಟು ಬಿಚ್ಚಿದರು, ಮೂರು ದಿನ ಯಾರೂ ಹೊಸ ರೊಟ್ಟಿಯ ಮಾತೆತ್ತಲಿಲ್ಲ.

ಊರಿಗೆ ಬಂದ ವಾರದೊಳಗೆ ಅತ್ತೆಯವರು ಚಾಚಾನಿಗೆ ಹೇಳಿ ಕಳಿಸಿದರು. ಅಡುಗೆಮನೆಯ ಪೂರ್ವದ ಗೋಡೆಗೆ ಕಿಟಕಿ ಬೇಕಂತೆ.

"ಆ ಕಡೆ ಬಾಜೂ ಮನಿಯವರ ಎಮ್ಮಿ ಕಟ್ಟೂ ಜಾಗಾ ರಿ ಅವ್ವಾರ" ಎಂದರು ಚಾಚಾ. "ಎಮ್ಮಿ ಬಿಟ್ರ ಏನೂ ಕಾಣಸೂದಿಲ್ಲ."

"ಎಮ್ಮಿನ ಕಾಣ್ಲಿ. ಬಾಲಾನರೇ ಅಲ್ಲಾಡಸ್ತೈತಿ."

ಚಾಚಾ ಇಕ್ಕಳದಿಂದ ಆ ಮೊಳೆ ಕಿತ್ತು ಅವರ ಕೈಗಿತ್ತರು. ಕಿಟಕಿ ಎಷ್ಟು ಎತ್ತರಕ್ಕೆ ಎಂದು ಕೇಳಿದರು. ಅತ್ತೆಯವರು ನನ್ನನ್ನು ಕರೆದು ಒಲೆಯ ಮುಂದೆ ನಿಲ್ಲಿಸಿದರು. ಸುಣ್ಣದ ಕಡ್ಡಿ ಇಸಿದುಕೊಂಡು, ಹಿಮ್ಮಡಿ ಎತ್ತಿ, ನನ್ನ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಗೋಡೆಯ ಮೇಲೆ ಗೆರೆ ಎಳೆದರು. ಮೊಳೆಯ ತೂತಿಗಿಂತ ನಾಲ್ಕು ಬೆರಳು ಮೇಲೆ.