ವಾರ್ಡಿಗೆ ದೆವ್ವ ತಂದ ಗಾಡಿಯಕ್ಕ

ಬೆಳಗಿನ ಆರು ಗಂಟೆ. ಮೂಳೆ ವಾರ್ಡಿನ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿವೆ. ರಾತ್ರಿಪಾಳಿಯ ಸಿಸ್ಟರ್ ಕೊನೆಯ ಸುತ್ತು ಮುಗಿಸಿ, ಎಲ್ಲರ ಜ್ವರ ನೋಡಿ ಹೋಗಿದ್ದಾರೆ. ನಿದ್ದೆ ಹಾರಿಹೋಗಿದೆ, ಚಹಾ ಬಂದಿಲ್ಲ, ಡಾಕ್ಟರು ಬರಲು ಇನ್ನೂ ಬಹಳ ಹೊತ್ತಿದೆ. ಆಸ್ಪತ್ರೆಯಲ್ಲಿ ಮಲಗಿ ಎದ್ದವರನ್ನು ಕೇಳಿ ನೋಡಿ, ಇಡೀ ದಿನದಲ್ಲಿ ಇದಕ್ಕಿಂತ ಉದ್ದದ ಹೊತ್ತು ಇನ್ನೊಂದಿಲ್ಲ ಎನ್ನುತ್ತಾರೆ. ಸರಿಯಾಗಿ ಅದೇ ಹೊತ್ತಿಗೆ ಬಾಗಿಲನ್ನು ಬೆನ್ನಿನಿಂದ ನೂಕಿಕೊಂಡು, ಹಿಮ್ಮುಖವಾಗಿ ನಡೆಯುತ್ತ, ಮೂರಂತಸ್ತಿನ ಸ್ಟೀಲ್ ಗಾಡಿಯೊಂದನ್ನು ಒಳಗೆ ಎಳೆದು ತರುತ್ತಾರೆ ಗಾಡಿಯಕ್ಕ. ಒಂದು ಕಾಲಕ್ಕೆ ಔಷಧಿ ಹೊರುತ್ತಿದ್ದ ಗಾಡಿ ಅದು. ಈಗ ಹೊರುವುದು ಕೊಲೆ, ದೆವ್ವ, ಪ್ರೇಮ ಮತ್ತು ಅಂತರಿಕ್ಷ.

"ಹೇಗಿತ್ರೀ?" ಬಾಗಿಲ ಪಕ್ಕದ ಮೊದಲ ಮಂಚಕ್ಕೆ ಕೇಳುತ್ತಾರೆ.

ಅಲ್ಲಿ ಮಲಗಿರುವವನು ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ಎಲೆಕ್ಟ್ರಿಷಿಯನ್. ಕಾಲನ್ನು ಮೇಲಕ್ಕೆ ಎತ್ತಿ ಕಟ್ಟಿದ್ದಾರೆ. ಪುಸ್ತಕವನ್ನು ಎದೆಯ ಮೇಲೆ ಬೋರಲು ಹಾಕಿಕೊಂಡು ಆತ ಈಕೆಗಾಗಿಯೇ ಕಾಯುತ್ತಿದ್ದ.

"ಮೋಸ ಅಕ್ಕಾ, ಶುದ್ಧ ಮೋಸ! ಕೊಲೆ ಮಾಡಿದ್ದು ಅವಳಿ ತಮ್ಮನಂತೆ. ಅಷ್ಟು ಪುಟ ಓದಿಸಿ ಕೊನೇಲಿ ಎಲ್ಲಿಂದಲೋ ತಮ್ಮನ್ನ ತಂದು ನಿಲ್ಲಿಸಿದ್ರೆ ಹೇಗೆ? ಮುಂಚೆ ಒಂದ್ಸಲನಾದ್ರೂ ಮುಖ ತೋರಿಸ್ಬೇಡ್ವಾ?"

"ಅಯ್ಯೋ, ಮೆಲ್ಲಗೆ! ಪಕ್ಕದವರು ಇನ್ನೂ ಓದಿಲ್ಲ."

"ಇನ್ನೇನು ಓದೋದು, ಎಲ್ಲ ಕಕ್ಕಿಬಿಟ್ನಲ್ಲ!" ಎಂದು ಪಕ್ಕದ ಮಂಚದಿಂದ ಬಸ್ ಡ್ರೈವರ್ ತಲೆ ಚಚ್ಚಿಕೊಳ್ಳುತ್ತಾರೆ. ಚಚ್ಚಿಕೊಳ್ಳಲು ಪ್ಲಾಸ್ಟರ್ ಹಾಕಿದ ಕೈಯನ್ನೇ ಎತ್ತಿದ್ದರಿಂದ ಅವರಿಗೇ ನೋವಾಗುತ್ತದೆ, ಇಡೀ ವಾರ್ಡು ನಗುತ್ತದೆ. ಗಾಡಿಯಕ್ಕ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಪುಸ್ತಕದ ಪ್ಲಾಸ್ಟಿಕ್ ಹೊದಿಕೆಯನ್ನು ಒರೆಸಿ ಗಾಡಿಗೆ ಸೇರಿಸುತ್ತಾರೆ. ಡ್ರೈವರ್‌ಗೆ ಬೇರೊಂದು ಕೊಲೆ ಹುಡುಕುತ್ತಾರೆ.

ನಾಲ್ಕು ಮಹಡಿಯ ಈ ದೊಡ್ಡ ಆಸ್ಪತ್ರೆಯಲ್ಲಿ ಅವರ ಕೆಲಸ ಇಷ್ಟೆ: ಪುಸ್ತಕ ಕೊಡುವುದು, ವಾಪಸು ಪಡೆಯುವುದು, ಒರೆಸುವುದು. "ಹೇಗಿತ್ತು?" ಎಂದು ಕೇಳಬೇಕೆಂದು ಯಾರೂ ಹೇಳಿಲ್ಲ. ಆದರೆ ವಾರ್ಡಿನಲ್ಲಿ ಅವರು ನಿಲ್ಲುವ ಹೊತ್ತಿನ ಮುಕ್ಕಾಲು ಪಾಲು ಹೋಗುವುದು ಆ ಒಂದು ಮಾತಿಗೇ.

"ಇಲ್ಲಿ ಎಲ್ಲರೂ ಇವರನ್ನ ಕೇಳೋದು ಒಂದೇ," ಎನ್ನುತ್ತಾರೆ ಗಾಡಿಯಕ್ಕ. "ನೋವು ಹೇಗಿದೆ, ಜ್ವರ ಹೇಗಿದೆ, ಹೊಟ್ಟೆ ಹೇಗಿದೆ. ಅದಕ್ಕೆಲ್ಲ ಉತ್ತರ ಹೇಳಿ ಹೇಳಿ ಅವರಿಗೇ ಬೇಜಾರು. ಕಥೆ ಹೇಗಿತ್ತು ಅಂತ ಕೇಳಿ ನೋಡಿ, ಎದ್ದು ಕೂತ್ಕೋತಾರೆ. ಯಾಕಂದ್ರೆ ಅಲ್ಲಿ ಅವರು ಪೇಷೆಂಟ್ ಅಲ್ಲ, ಯಜಮಾನರು. ಬೈಬಹುದು, ಹೊಗಳಬಹುದು."

ಹದಿನೈದು ವರ್ಷ ಇದೇ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು ಅವರು. ರೋಗಿಗಳನ್ನು ಎತ್ತುವುದು, ಹೊರಳಿಸುವುದು, ಹಾಸಿಗೆ ಬದಲಿಸುವುದು. ಒಂದು ದಿನ ಸ್ಟ್ರೆಚರ್‌ನಿಂದ ಜಾರುತ್ತಿದ್ದ ಭಾರಿ ಆಳೊಬ್ಬರನ್ನು ತಡೆಯಲು ಹೋಗಿ ಇವರ ಬೆನ್ನೇ ಕೈಕೊಟ್ಟಿತು. ಆ ಮನುಷ್ಯ ಉಳಿದುಕೊಂಡ. ಇವರು ಮೂರು ತಿಂಗಳು ಮನೆಯಲ್ಲಿ ಮಲಗಿದರು. ವಾಪಸು ಬಂದಾಗ ಇನ್ನು ಭಾರ ಎತ್ತುವಂತಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಮೂಲೆಯಲ್ಲಿ ದೂಳು ತಿನ್ನುತ್ತಿದ್ದ ಪುಸ್ತಕದ ಗಾಡಿಯನ್ನು ತೋರಿಸಿ, 'ಹಗುರದ ಕೆಲಸ' ಎಂದು ಮೇಲಿನವರು ಹಚ್ಚಿದರು.

"ಆವತ್ತು ಬಟ್ಟೆ ಬದಲಿಸೋ ಕೋಣೇಲಿ ಅತ್ತಿದ್ದೆ," ಎನ್ನುತ್ತಾರೆ. "ಜನರನ್ನ ಎತ್ತಿದ ಕೈ ಇದು. ಪೇಪರ್ ತಳ್ಳೋಕೆ ಹಾಕಿದ್ರಲ್ಲ ಅಂತ."

ಗಾಡಿಯಲ್ಲಿದ್ದದ್ದು ಯಾರ‍್ಯಾರೋ ಮನೆ ಖಾಲಿ ಮಾಡುವಾಗ ಕೊಟ್ಟುಹೋದ ಪುಸ್ತಕಗಳು. ಮಹನೀಯರ ಭಾಷಣಗಳು, ಸಕ್ಕರೆ ಕಾಯಿಲೆಯ ಪಥ್ಯ, ಯಶಸ್ಸಿನ ಮೆಟ್ಟಿಲು ಹತ್ತುವ ಬಗೆ. ಎರಡೂ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಗಾರೆಯವನೊಬ್ಬನ ಕೈಗೆ ಆ ಮೆಟ್ಟಿಲಿನ ಪುಸ್ತಕ ಸಿಕ್ಕಿತು. ಅವನು ಅದನ್ನೂ, ತನ್ನ ಕಾಲುಗಳನ್ನೂ, ಗಾಡಿಯಕ್ಕನನ್ನೂ ಸರದಿಯಂತೆ ನೋಡಿದ.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಕೊಲೆ ಇರೋದು ಯಾವುದಾದ್ರೂ ಇದ್ಯಾ?"

ಅವರಿಗೆ ಬಂದ ಮೊದಲ ಓದುಗರ ಅಭಿಪ್ರಾಯ ಅದೇ. ಅದನ್ನು ಅವರು ಮನೆಗೆ ಹೊತ್ತು ತಂದರು. ಅವರ ಯಜಮಾನರದ್ದು ಕ್ಷೌರದ ಅಂಗಡಿ. ಸರದಿ ಕಾಯುವ ಗಿರಾಕಿಗಳಿಗೆಂದು ಬೆಂಚಿನ ಮೇಲೆ ಹಳೆಯ ಪತ್ತೇದಾರಿ ಕಾದಂಬರಿಗಳ ರಾಶಿ ಯಾವಾಗಲೂ ಇರುತ್ತಿತ್ತು. ಮರುದಿನ ಅದರಲ್ಲಿ ಅರ್ಧ ರಾಶಿ ಆಸ್ಪತ್ರೆಗೆ ಬಂತು. ಗಾರೆಯವನು ಎರಡೇ ದಿನದಲ್ಲಿ ಮೂರನ್ನು ಮುಗಿಸಿದ. ಅವನ ಮಾತು ಕೇಳಿ ಎದುರಿನ ಮಂಚದವನು ತನಗೂ ಒಂದು ಬೇಕೆಂದ, ಅವನನ್ನು ನೋಡಿ ಪಕ್ಕದವನು. ಗಾಡಿ ಖಾಲಿಯಾಗತೊಡಗಿತು. ಆಮೇಲೆ ಹಳೆ ಪುಸ್ತಕದ ಅಂಗಡಿಗಳ ಪರಿಚಯವಾಯಿತು. ದೆವ್ವದ ಕಥೆ ಬಂತು, ಅಂತರಿಕ್ಷದ ಕಥೆ ಬಂತು, ಪುಟತುಂಬ ಚಿತ್ರಗಳೇ ಇರುವ ಚಿತ್ರಕಾದಂಬರಿಗಳೂ ಬಂದವು.

ಚಿತ್ರಕಾದಂಬರಿಗಳಿಗೆ ಮೊದಮೊದಲು ಎಲ್ಲರೂ ಮೂಗು ಮುರಿದರು. ಮಹಿಳೆಯರ ವಾರ್ಡಿನಲ್ಲಿ ಹಾಸ್ಟೆಲ್ ಅಡುಗೆಯವರೊಬ್ಬರಿಗೆ ಒಂದನ್ನು ಕೊಟ್ಟಾಗ, "ನಾನೇನು ಮಗುನಾ?" ಎಂದು ಸಿಡುಕಿದ್ದರಂತೆ. ಮಾರನೆಯ ಬೆಳಗ್ಗೆ ಅದೇ ಹೆಂಗಸು ಗಾಡಿಯಕ್ಕನ ಸೆರಗು ಹಿಡಿದು ನಿಲ್ಲಿಸಿದರು. "ಇದನ್ನ ಮಕ್ಕಳ ಕೈಗೆ ಕೊಟ್ಟುಗಿಟ್ಟೀಯ ಮಾರಾಯ್ತಿ. ಗಂಡ ಸತ್ತ ಮಾರನೇ ದಿನದ್ದು ಒಂದು ಪುಟ ಇದೆ. ಒಂದಕ್ಷರ ಮಾತಿಲ್ಲ, ಬರೀ ಖಾಲಿ ಕುರ್ಚಿ. ನಂಗೆ ಅಲ್ಲಿಂದ ಮುಂದಕ್ಕೆ ಪುಟ ತಿರುವೋಕೇ ಆಗ್ಲಿಲ್ಲ."

"ತಿರುವಲೇ ಇಲ್ವಾ?"

"ತಿರುವಿದೆ. ಮುಖ ತೊಳ್ಕೊಂಡು ಬಂದು ತಿರುವಿದೆ."

ಎಲ್ಲವೂ ಹೂವಿನ ಹಾದಿಯಾಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ಕಾಲಿನ ಬೆರಳುಗಳನ್ನು ತೆಗೆಸಿಕೊಂಡು ಮಲಗಿದ್ದ ತರಕಾರಿ ವ್ಯಾಪಾರಿಯೊಬ್ಬರು ದೆವ್ವದ ಕಥೆ ಓದುತ್ತಿದ್ದಾಗ ಅವರ ಬಿ.ಪಿ. ಸರ್ರನೆ ಏರಿತು. ಸಿಸ್ಟರ್ ಗಾಬರಿಯಾದರು, ವಿಷಯ ಮುಖ್ಯ ಡಾಕ್ಟರವರೆಗೆ ಹೋಯಿತು. ಕೊಲೆ, ದೆವ್ವ, ರಕ್ತ ಇರುವ ಯಾವ ಪುಸ್ತಕವೂ ವಾರ್ಡಿಗೆ ಹೋಗಕೂಡದು ಎಂದು ಅಪ್ಪಣೆಯಾಯಿತು. ಗಾಡಿಯಕ್ಕ ಅಂಥ ಪುಸ್ತಕಗಳನ್ನೆಲ್ಲ ಎರಡು ರಟ್ಟಿನ ಪೆಟ್ಟಿಗೆಗಳಿಗೆ ತುಂಬಿ ಉಗ್ರಾಣಕ್ಕೆ ಹಾಕಿದರು.

"ಭಯ ಆಗಿತ್ತು," ಎಂದು ಒಪ್ಪಿಕೊಳ್ಳುತ್ತಾರೆ. "ನಾನು ಕೊಟ್ಟ ಪುಸ್ತಕದಿಂದ ಒಬ್ಬರಿಗೆ ಹೆಚ್ಚುಕಮ್ಮಿ ಆಗಿದ್ರೆ? ಡಾಕ್ಟರ ಮೇಲೆ ಕೋಪ ಬರ್ಲಿಲ್ಲ. ಆದ್ರೆ ಬೆಳಗ್ಗೆ ಗಾಡಿ ತಗೊಂಡು ಹೋದ್ರೆ ಎಲ್ಲರೂ ಗೋಡೆ ಕಡೆ ತಿರುಗಿ ಮಲಗ್ತಿದ್ರು. ಅದೊಂದು ನೋಡೋಕಾಗ್ತಿರ್ಲಿಲ್ಲ."

ವಾರ ಕಳೆದಿರಬೇಕು. ಮುಖ್ಯ ಡಾಕ್ಟರು ರೌಂಡ್ಸಿಗೆ ಬಂದರು. ಗಾಡಿಯಕ್ಕ ಗಾಡಿಯೊಂದಿಗೆ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟು ನಿಂತಿದ್ದರು. ತರಕಾರಿ ವ್ಯಾಪಾರಿಯ ಮಂಚದ ಬಳಿ ಡಾಕ್ಟರು, "ಹೇಗಿದ್ದೀರಿ?" ಎಂದರು.

"ನಾನು ಚೆನ್ನಾಗಿದ್ದೀನಿ ಸಾರ್. ನನ್ನ ಪುಸ್ತಕ ಎಲ್ಲೋಯ್ತು? ಬಾವಿ ಹತ್ರ ನಿಂತಿದ್ದವಳು ಯಾರು ಅಂತ ಗೊತ್ತಾಗ್ಬೇಕು."

"ಅದನ್ನ ಓದಿಯೇ ಅಲ್ವೇ ನಿಮ್ಮ ಬಿ.ಪಿ. ಏರಿದ್ದು?"

"ಏರಿದ್ದು ನಿಜ ಸಾರ್. ಹೆದರಿದ್ದೂ ನಿಜ." ಆತ ಕಂಬಳಿಯ ಕೆಳಗಿದ್ದ ತನ್ನ ಕಾಲಿನ ಕಡೆ ನೋಡಿದರು. "ಇಲ್ಲಿ ಬಂದಾಗಿನಿಂದ ಹಗಲೂ ರಾತ್ರಿ ಈ ಕಾಲಿಗೇ ಹೆದರ್ತಾ ಇದ್ದೀನಿ. ನಾಳೆ ಇನ್ನೆಷ್ಟು ತೆಗೀತಾರೋ ಅಂತ. ಬೇರೆ ಯಾವುದಕ್ಕಾದ್ರೂ ಹೆದರಿದ್ದು ಅದೊಂದೇ ಸಲ. ಹಾಯಾಗಿತ್ತು ಸಾರ್."

ಡಾಕ್ಟರು ಅವರ ಭುಜ ತಟ್ಟಿ ಮುಂದೆ ಹೋದರು. ಮಧ್ಯಾಹ್ನ ಗಾಡಿಯಕ್ಕನಿಗೆ ಕರೆ ಬಂತು. ಇದ್ದ ಕೆಲಸವೂ ಹೋಯಿತು ಎಂದುಕೊಂಡೇ ಅವರು ಡಾಕ್ಟರ ಕೋಣೆಗೆ ಹೋದರು.

"ಹೃದಯದ ವಾರ್ಡಿಗೆ ಮಾತ್ರ ದೆವ್ವ ಬೇಡಮ್ಮ," ಎಂದರು ಡಾಕ್ಟರು. "ಉಳಿದ ಕಡೆ ನಡೀಲಿ. ಬಿ.ಪಿ. ಇರೋರಿಗೆ ಕೊಡೋ ಮುಂಚೆ ಸಿಸ್ಟರನ್ನ ಒಂದು ಮಾತು ಕೇಳಿ."

"ಆಗಲಿ ಸಾರ್."

ಬಾಗಿಲವರೆಗೆ ಬಂದಾಗ ಹಿಂದಿನಿಂದ ಮತ್ತೆ ಕೇಳಿದರಂತೆ: "ಅಲ್ಲಾ, ಬಾವಿ ಹತ್ರ ನಿಂತಿದ್ದವಳು ಯಾರು?"

"ಕಥೆಯ ಕೊನೆ ನಾನು ಯಾರಿಗೂ ಹೇಳಲ್ಲ ಸಾರ್. ಬೇಕಾದ್ರೆ ಪುಸ್ತಕ ತಂದುಕೊಡ್ತೀನಿ."

ಈಗಲೂ ಆ ನಿಯಮ ಹಾಗೆಯೇ ಇದೆ. ಹೃದಯದ ವಾರ್ಡಿನಲ್ಲಿ ಪ್ರೇಮಕಥೆಗಳೇ ಓಡುತ್ತವೆ. "ಅದ್ರಿಂದ ಎದೆಗೇನೂ ತೊಂದ್ರೆ ಇಲ್ವಾ ಅಂತ ಕೇಳ್ದೆ. ಡಾಕ್ಟರು ನಕ್ಕುಬಿಟ್ರು," ಎನ್ನುತ್ತಾರೆ ಗಾಡಿಯಕ್ಕ, ತಾವೂ ನಗುತ್ತಾ.

ಮನೆಗೆ ಹೋದರೂ ಈ ಮಾತುಕತೆ ಮುಗಿಯುವುದಿಲ್ಲ. ರಾತ್ರಿ ಊಟಕ್ಕೆ ಕೂತಾಗ ಯಾವ ಪುಸ್ತಕಕ್ಕೆ ಯಾರು ಏನಂದರು ಎಂಬ ವರದಿ ಯಜಮಾನರಿಗೆ ಒಪ್ಪಿಸಬೇಕು. ಮಾರನೆಯ ದಿನ ಅವರು ಅದಕ್ಕೆ ಉಪ್ಪುಖಾರ ಹಚ್ಚಿ ಅಂಗಡಿಯಲ್ಲಿ ಹೇಳುತ್ತಾರೆ. "ನಿನ್ನ ಕಥೆ ಸಾಕು ಕಣೇ," ಎಂದು ಮೊನ್ನೆ ರೇಗಿದರಂತೆ. "ಕೊಲೆಗಾರ ಅಡುಗೆಯವನಲ್ಲ ಅಂದಿದ್ದಕ್ಕೆ ಗಿರಾಕಿ ಗಕ್ಕನೆ ತಿರುಗಿಬಿಟ್ಟ. ಇನ್ನೊಂಚೂರಾಗಿದ್ರೆ ಕಿವಿ ಹೋಗಿತ್ತು!" ಸಾಕು ಎಂದವರೇ ಮರುಕ್ಷಣ, "ಹಾಗಾದ್ರೆ ಯಾರಂತೆ?" ಎಂದು ಕೇಳಿದರು. ಕೊನೆ ಹೇಳದ ನಿಯಮ ಗಂಡನಿಗೂ ಅನ್ವಯ. ಬಾಡಿದ ಮುಖ ಹಾಕಿಕೊಂಡು ಅವರೂ ಓದಿಯೇ ತಿಳಿಯಬೇಕು.

ಇಷ್ಟು ವರ್ಷದಲ್ಲಿ ಕೇಳಿದ ಅಭಿಪ್ರಾಯಗಳಲ್ಲಿ ಯಾವುದು ದೊಡ್ಡದು ಎಂದರೆ ಗಾಡಿಯಕ್ಕ ತಡಮಾಡದೆ ಹೇಳುವುದು ಕಳೆದ ವರ್ಷದ ಒಂದು ಬೆಳಗಿನ ಕಥೆ.

ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡ ಹಿರಿಯ ಹೆಂಗಸೊಬ್ಬರಿದ್ದರು. ಜೊತೆಗೆ ಸೊಸೆ. ಅತ್ತೆಯ ಬಾಯಿಂದ ಅಸ್ಪಷ್ಟ ಸದ್ದು ಬಿಟ್ಟರೆ ಏನೂ ಬರುತ್ತಿರಲಿಲ್ಲ. ಮಾತು ಕಲಿಸುವ ಥೆರಪಿಸ್ಟ್ ದಿನಾ ಬಂದು ಪ್ರಯತ್ನಿಸುತ್ತಿದ್ದರು. ಬೇಸರ ಕಳೆಯಲೆಂದು ಸೊಸೆ ಒಂದು ಚಿತ್ರಕಾದಂಬರಿ ಪಡೆದಳು. ಹಿಮದ ಗ್ರಹವೊಂದರಲ್ಲಿ ಬಿದ್ದ ಆಕಾಶನೌಕೆಯ ಕಥೆ ಅದು. ಅಲ್ಲಿನ ಹುಡುಗಿಯೊಬ್ಬಳು ಬೆರಳು ಮರಗಟ್ಟುವವರೆಗೆ ದುಡಿದು ನೌಕೆಯನ್ನು ರಿಪೇರಿ ಮಾಡಿಕೊಡುತ್ತಾಳೆ. ನಾಯಕ ಅವಳು ಮಲಗಿದ್ದಾಗ ಒಬ್ಬನೇ ಹಾರಿಹೋಗುತ್ತಾನೆ.

ಸೊಸೆ ಪುಟ ತಿರುವುತ್ತಿದ್ದಳು, ಅತ್ತೆ ಓರೆಗಣ್ಣಲ್ಲಿ ನೋಡುತ್ತಿದ್ದರು. ಆ ಪುಟ ಬಂತು. ಹಿಮದ ಮೇಲೆ ಒಂಟಿಯಾಗಿ ನಿಂತ ಹುಡುಗಿ, ಮೇಲೆ ಚುಕ್ಕಿಯಷ್ಟಾದ ನೌಕೆ.

"ಥೂ!"

ಸೊಸೆ ಬೆಚ್ಚಿಬಿದ್ದಳು. "ಏನಂದ್ರಿ ಅತ್ತೆ?"

ಅತ್ತೆ ಎಡಗೈ ಎತ್ತಿ, ಪಕ್ಕದ ಪುಟದಲ್ಲಿದ್ದ ನಾಯಕನ ಮುಖದ ಮೇಲೆ ಬೆರಳಿಟ್ಟು ಕುಕ್ಕಿದರು. "ಥೂ!"

ಸೊಸೆ ನಗುತ್ತಾ ಅತ್ತಳು, ಅಳುತ್ತಾ ನಕ್ಕಳು. ಮೂರು ವಾರದಲ್ಲಿ ಆ ಬಾಯಿಂದ ಬಂದ ಮೊದಲ ಸ್ಪಷ್ಟ ಮಾತು ಅದು. ಥೆರಪಿಸ್ಟ್ ಖುಷಿಪಟ್ಟರೂ ನಿಧಾನವಾಗಿಯೇ ಹೇಳಿದರು: "ಪುಸ್ತಕದಿಂದಲೇ ಅಂತ ಹೇಳೋಕಾಗಲ್ಲ. ಮಾತು ಮರಳೋ ಹೊತ್ತು ಬಂದಿತ್ತು, ಮರಳಿತು."

"ಇರಬಹುದು," ಎನ್ನುತ್ತಾರೆ ಗಾಡಿಯಕ್ಕ. "ಓದಿದವರು ಅವರು, ಅವರಿಗೆ ಗೊತ್ತು. ಆದ್ರೆ ಮರಳಿ ಬಂದ ಮೊದಲ್ನೇ ಮಾತು ಕಥೆ ಬಗ್ಗೆ ಅಭಿಪ್ರಾಯ ಆಗಿತ್ತಲ್ಲ, ನಂಗೆ ಅಷ್ಟು ಸಾಕು."

ಮನೆಗೆ ಹೋದ ಮೇಲೆ ಸೊಸೆ ಅದರ ಎರಡನೆಯ ಭಾಗವನ್ನು ಎಲ್ಲಿಂದಲೋ ಹುಡುಕಿ ತಂದಳು. ಓದಿ ಮುಗಿಸಿ, ಗಾಡಿಗೆ ಇರಲಿ ಎಂದು ಕೊಟ್ಟೂ ಹೋದಳು. ನಾಯಕ ವಾಪಸು ಬಂದು ಹುಡುಗಿಯ ಕಾಲಿಗೆ ಬೀಳುತ್ತಾನಂತೆ. "ಹುಡುಗಿ ಕ್ಷಮಿಸಿದಳು. ನಮ್ಮತ್ತೆ ಕ್ಷಮಿಸಿಲ್ಲ," ಎಂದಳಂತೆ ಸೊಸೆ.

ಹತ್ತು ಗಂಟೆಯ ಹೊತ್ತಿಗೆ ಮೇಲಿನ ಮಹಡಿಗಳೆಲ್ಲ ಮುಗಿದು ಗಾಡಿ ಮತ್ತೆ ಕೆಳಗಿಳಿದಿದೆ. ಹೊಟ್ಟೆಯ ಆಪರೇಷನ್ ಆಗಿದ್ದ ಅಂಚೆಯವರೊಬ್ಬರಿಗೆ ಇವತ್ತು ಡಿಸ್ಚಾರ್ಜ್. ಹೆಂಡತಿ ಚೀಲ ಕಟ್ಟಿ ನಿಲ್ಲಿಸಿದ್ದಾರೆ. ಗಂಡ ಮಾತ್ರ ಇಟ್ಟಿಗೆಯಷ್ಟು ದಪ್ಪದ ಅಂತರಿಕ್ಷ ಕಾದಂಬರಿಯೊಂದರ ನಡುವೆ ಬೆರಳು ಸಿಕ್ಕಿಸಿಕೊಂಡು ಮಂಚ ಬಿಟ್ಟು ಏಳುತ್ತಿಲ್ಲ.

"ಅಕ್ಕಾ, ಇನ್ನೊಂದು ದಿನ ಇದ್ದಿದ್ರೆ ಮುಗಿಸಿಬಿಡ್ತಿದ್ದೆ."

"ಸರಿ, ಇಲ್ಲೇ ಇರಿ. ನಾನು ಹೊರಟೆ," ಎಂದು ಹೆಂಡತಿ ಚೀಲ ಎತ್ತಿಕೊಳ್ಳುತ್ತಾರೆ. ಆತ ತಟ್ಟನೆ ಎದ್ದು ಪುಸ್ತಕವನ್ನು ಗಾಡಿಯಕ್ಕನ ಕೈಗಿಡುತ್ತಾರೆ.

"ಕೊನೆ ಏನಾಗುತ್ತೆ, ಅದನ್ನಾದ್ರೂ ಹೇಳಿ."

"ಹೇಳಲ್ಲ. ಹೋಗಿ, ಮನೇಲಿ ಬಿಸಿಬಿಸಿ ಊಟ ಮಾಡಿ."

ಗಂಡ ಹೆಂಡತಿ ಮೆಲ್ಲಗೆ ಕಾರಿಡಾರಿನ ತುದಿ ದಾಟುವವರೆಗೂ ಗಾಡಿಯಕ್ಕ ನೋಡುತ್ತಾ ನಿಲ್ಲುತ್ತಾರೆ. ಪುಟಗಳ ನಡುವೆ ಗುರುತಿಗೆ ಇಟ್ಟಿದ್ದ ಮಾತ್ರೆಯ ಖಾಲಿ ಪಟ್ಟಿಯನ್ನು ಹೊರತೆಗೆದು ಕಸದ ಬುಟ್ಟಿಗೆ ಹಾಕುತ್ತಾರೆ. ಓದುತ್ತಿದ್ದವರು ಮನೆಗೆ ಮರಳದೆ ಅರ್ಧಕ್ಕೆ ನಿಂತ ಪುಸ್ತಕಗಳೂ ಅವರ ಕೈಗೆ ಬರುತ್ತವೆ. ಆಗಲೂ ಹೀಗೆಯೇ ಗುರುತು ತೆಗೆಯುತ್ತಾರೆ, ಆದರೆ ಅವುಗಳ ಬಗ್ಗೆ ಮಾತಾಡುವುದಿಲ್ಲ.

ಏನಾದರೂ ಆಸೆ ಇದೆಯೇ ಎಂದರೆ ಅವರು ದಪ್ಪ ಪುಸ್ತಕವನ್ನು ಬಟ್ಟೆಯಿಂದ ಒರೆಸಿ, ಎತ್ತಿ ತೋರಿಸುತ್ತಾರೆ.

"ಇಂಥ ದಪ್ಪದ್ದು ಇನ್ನೊಂದಷ್ಟು ಬೇಕು. ಇದು ಗಾಡಿಗೆ ಬಂದು ನಾಲ್ಕು ವರ್ಷ ಆಯ್ತು. ಎಷ್ಟು ಜನ ಶುರು ಮಾಡಿದ್ದಾರೋ ಲೆಕ್ಕ ಇಲ್ಲ. ಇದುವರೆಗೂ ಒಬ್ಬರೂ ಪೂರ್ತಿ ಓದಿಲ್ಲ, ಅಷ್ಟರೊಳಗೆ ಹುಷಾರಾಗಿ ಮನೆಗೆ ಹೋಗ್ತಾರೆ." ಪುಸ್ತಕವನ್ನು ಗಾಡಿಯ ಮೇಲಿನ ಅಂತಸ್ತಿನಲ್ಲಿ, ಎಲ್ಲರ ಕಣ್ಣಿಗೂ ಬೀಳುವ ಹಾಗೆ ನಿಲ್ಲಿಸುತ್ತಾರೆ. "ಇದರ ಕೊನೆ ಹೇಗಿದೆ ಅಂತ ಇಲ್ಲಿ ಯಾರೂ ನಂಗೆ ಹೇಳೋದು ಬೇಡ."