ನಾಲ್ಕು ಗಂಟೆಯ ಶಾಫ್ಟು

ಮೇಸ್ತ್ರಿಯವರ ಅಂಗಿ ನೀಲಿಯಾಗಿತ್ತು ಎಂದು ಬರೆಯಲು ಹೊರಟೆ. ಆ ಬಣ್ಣ ನಾನೇ ಈಗ ತೊಡಿಸಿದ್ದೇನೋ ಎಂಬ ಅನುಮಾನ ಬಂತು. ಅವರ ಕೈ ಮಾತ್ರ ಖಚಿತವಾಗಿ ನೆನಪಿದೆ: ಯಾವುದನ್ನೇ ಆದರೂ ಮೊದಲು ಗೇಣು ಹಾಕಿಯೇ ಅಳೆಯುತ್ತಿದ್ದರು.

ಭರಮಸಾಗರದ ನಮ್ಮ ವರ್ಕ್‌ಶಾಪಿನಲ್ಲಿ ಅವರು ಲೇತ್ ಮೇಸ್ತ್ರಿ. ಬೋರ್‌ವೆಲ್ ಪಂಪಿನೊಳಗೆ ತಿರುಗುವ ಉಕ್ಕಿನ ಶಾಫ್ಟುಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಕಡೆಯುತ್ತಿದ್ದರು. ಕಂಪ್ಯೂಟರ್ ಹೇಳಿದಂತೆ ತಾನೇ ಕಡೆಯುವ ಅಗ್ಗದ ಸಿಎನ್‌ಸಿ ಯಂತ್ರವೊಂದು ಆ ಕೆಲಸಕ್ಕೆ ಆದೀತೇ ಎಂದು ನೋಡಲು ಅವರನ್ನೇ ಚಿತ್ರದುರ್ಗಕ್ಕೆ ಕರೆದೊಯ್ದೆ. ಅದು ಬಂದರೆ ಅವರ ಲೇತಿಗೆ ಕೆಲಸವಿರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಬೆಳಿಗ್ಗೆ ಯಂತ್ರ ಮಾರುವವನು ಹತ್ತೇ ನಿಮಿಷದಲ್ಲಿ ಹೊಳೆಯುವ ಶಾಫ್ಟೊಂದನ್ನು ಮೇಸ್ತ್ರಿಯ ಕೈಗಿಟ್ಟ. "ಹೆಂಗೈತೆ ಯಜಮಾನ್ರೇ?"

"ಬಿಸಿ ಆಗ್ಲಿ ತಡೀರಿ."

ಹೊಸ ಮೋಟರಿಗೂ ಹೊಸ ಅಳಿಯನಿಗೂ ಅವರದು ಇದೇ ಮಾತು.

"ಎಷ್ಟೊತ್ತು ತಡೀಬೇಕ್ರಿ?"

"ಒಂದು ಶಾಫ್ಟು ಚೆನ್ನಾಗಿ ಮಾಡೋದು ನಂಗೂ ಬರ್ತೈತೆ. ನಾಕು ಗಂಟೆಗೂ ಹಿಂಗೇ ಬರ್ಬೇಕು."

ಮಧ್ಯಾಹ್ನ ತಗಡಿನ ಶೆಡ್ಡು ಕಾದರೂ ಯಂತ್ರ ನಿಲ್ಲಿಸಲು ಬಿಡಲಿಲ್ಲ. ನಾಲ್ಕಕ್ಕೆ ಎಲ್ಲ ಶಾಫ್ಟುಗಳನ್ನು ಸಾಲಾಗಿಟ್ಟು, ಒಂದೊಂದನ್ನೂ ಮೈಕ್ರೋಮೀಟರಿನಲ್ಲಿ ಎರಡೆರಡು ಸಲ ಅಳೆದರು. ಕೊನೆಯದನ್ನು ಮೂರು ಸಲ ಅಳೆದರೆಂದು ನೆನಪು ಹೇಳುತ್ತದೆ. ಅದನ್ನು ಪೂರ್ತಿ ನಂಬಲಾರೆ.

"ಬೆಳಗಿನ ಮೊದಲ ನಾಕು ಶಾಫ್ಟು ಬಿಟ್ಟಾಕ್ರಿ. ಬಿಸಿ ಆದ್ಮೇಲೆ ಅಳತೆ ನಿಂತೈತೆ. ತಗಳ್ರಿ."

ನಾನು ಏನಾದರೂ ಹೇಳುವ ಮೊದಲೇ ಬಗ್ಗಿ, ಯಂತ್ರದ ಬುಡಕ್ಕೆ ಗೇಣು ಹಾಕತೊಡಗಿದರು. ಒಂಬತ್ತು ಗೇಣು.

"ನನ್ನ ಲೇತ್ ಎತ್ತಿಸ್ರಿ," ಅಂದರು. "ಇದು ಅದೇ ಜಾಗದಾಗೆ ಸರಿಯಾಗಿ ಕೂರ್ತೈತೆ."