ಗಿಡಕ್ಕೆ ಹೇಳಿಕೆ

ಗಿಡಕ್ಕೆ ಮಾತು ಕೇಳಿಸುತ್ತದೆ ಎಂದು ನಾನು ನಂಬಿದವನಲ್ಲ. ಈಗ ನಂಬುತ್ತೇನೆಂದೂ ಬರೆದುಕೊಡಲಾರೆ. ಈ ಘಟನೆಯನ್ನು ನಾಲ್ಕೈದು ಬಾರಿ ಹೇಳಿದ್ದೇನೆ. ಪ್ರತಿ ಸಲವೂ ನನ್ನ ತಪ್ಪೊಂದು ಬಿಟ್ಟುಹೋಗಿ, ಅದು ಸ್ವಲ್ಪ ಹೆಚ್ಚು ಸೊಗಸಾಗಿಬಿಟ್ಟಿದೆ. ಆದ್ದರಿಂದ ಈ ಸಲ ಖಚಿತವಾಗಿ ಗೊತ್ತಿರುವುದನ್ನಷ್ಟೇ ಬರೆಯುತ್ತೇನೆ.

ಎರಡು ಸಾವಿರದ ಐದೋ ಆರೋ ಇರಬೇಕು. ತಂಗಿ ವಸುಧೆಗೆ ಕಾಮಾಲೆಯಾಗಿತ್ತು. ಕೊಪ್ಪದ ಡಾಕ್ಟರ ಮಾತ್ರೆ ನಡೆಯುತ್ತಿತ್ತು. ಆದರೂ ಹತ್ತನೆಯ ದಿನ ಅವಳು ಎದ್ದು ಕೂರದಾದಾಗ ಅಮ್ಮ ನನ್ನನ್ನು ಕೆರೆಕಟ್ಟೆಯ ಚೆನ್ನಕ್ಕನ ಹತ್ತಿರ ಕಳಿಸಿದಳು. ಚೆನ್ನಕ್ಕ ಕಾಮಾಲೆಗೆ ಬೇರಿನ ಮದ್ದು ಕೊಡುವವಳು.

ಮದ್ದಿನ ಗಿಡವನ್ನು ಸುಮ್ಮನೆ ಕೀಳುವಂತಿಲ್ಲ. ಮದುವೆಗೆ ಕರೆದ ಹಾಗೆ ಹಿಂದಿನ ಸಂಜೆಯೇ ಅದಕ್ಕೆ ಹೇಳಿಕೆ ಕೊಡಬೇಕು: ಬುಡಕ್ಕೆ ನಾಲ್ಕು ಅಕ್ಕಿಕಾಳು, ಕಾಂಡಕ್ಕೆ ಅರಿಶಿನದ ದಾರ, ಆಮೇಲೆ ಯಾರಿಗೆ ಹುಷಾರಿಲ್ಲ ಎಂಬ ಮಾತು. ಚೆನ್ನಕ್ಕನ ಮಂಡಿ ಊದಿತ್ತು. ಗುಡ್ಡದ ಬಂಡೆಯ ಪಕ್ಕದ ಗಿಡವನ್ನು ಅಂಗಳದಿಂದಲೇ ತೋರಿಸಿ, "ಬಾಯಿಬಿಟ್ಟು ಹೇಳ್ಬೇಕು ಮಾರಾಯ, ಮನಸಲ್ಲಲ್ಲ" ಎಂದಳು.

ಅಕ್ಕಿ ಹಾಕಿದೆ. ದಾರ ಸುತ್ತಿ ಎರಡು ಗಂಟು ಬಿಗಿದೆ. ಆದರೆ ಬಾಯಿ ಬರಲಿಲ್ಲ. ಸ್ವಲ್ಪ ಕೆಳಗೆ ಒಬ್ಬ ಹುಲ್ಲು ಕೊಯ್ಯುತ್ತಿದ್ದ. ಓದಿದವನು ಗಿಡದ ಜೊತೆ ಮಾತಾಡುವುದು ಅವನಿಗೆ ಕೇಳಿಸೀತೆಂದು ನಾಚಿಕೆ.

"ಹೇಳಿದ್ಯಾ?"

"ಹೇಳಿದೆ ಚೆನ್ನಕ್ಕ."

ಈ ಸುಳ್ಳಿನ ಬಗ್ಗೆ ನನ್ನ ನೆನಪಿಗೆ ಯಾವ ಅನುಮಾನವೂ ಇಲ್ಲ.

ಆ ರಾತ್ರಿ ಅವಳ ಮನೆಯಲ್ಲೇ ಮಲಗಿದೆ. ಬೆಳಕು ಹರಿಯುವಾಗ ಅವಳು ನನ್ನ ಹೆಗಲು ಹಿಡಿದು ಗುಡ್ಡ ಹತ್ತಿದಳು. ದಾರ ಬಂಡೆಯ ಮೇಲೆ ಬಿದ್ದಿತ್ತು, ಬೆರಳುಂಗುರದಷ್ಟು ಸಣ್ಣ ಬಳೆಯಾಗಿ. ಎರಡೂ ಗಂಟು ಹಾಗೇ ಇದ್ದವು. ಗಿಡದ ಎಲೆಗಳು ಅಂಗೈಯಗಲ, ಒಂದೂ ಮುರಿದಿರಲಿಲ್ಲ.

ಚೆನ್ನಕ್ಕ ನಕ್ಕಳು. "ಮದುವೆ ಕಾಗದ ಬಾಗಿಲಿಗೆ ಸಿಕ್ಸಿ ಹೋದ್ರೆ ನೀ ಊಟಕ್ಕೆ ಹೋಗ್ತೀಯನಾ? ಇದೂ ಹಂಗೇ. ಇನ್ನು ನಾಳೆ."

ಎಷ್ಟು ಬೇಡಿಕೊಂಡರೂ ಕೀಳಲಿಲ್ಲ. ಬೂತಿನಿಂದ ಮನೆಗೆ ಫೋನ್ ಮಾಡಿದೆ. ವಸುಧೆಯ ಹೊಟ್ಟೆಯಲ್ಲಿ ನೀರೂ ನಿಲ್ಲುತ್ತಿಲ್ಲ ಎಂದಳು ಅಮ್ಮ. ಬಸ್ಸು ತಪ್ಪಿತು ಎಂದೆ.

ಆ ಸಂಜೆ ಮತ್ತೆ ಅಕ್ಕಿ ಹಾಕಿ, ಹೊಸ ದಾರ ಕಟ್ಟಿ, ಗಟ್ಟಿಯಾಗಿ ಹೇಳಿದೆ. ತಂಗಿಯ ಹೆಸರು ಹೇಳಿದೆ, ನಿನ್ನೆ ಹೇಳದೇ ಹೋದದ್ದನ್ನೂ, ಹೇಳಿದೆನೆಂದು ಸುಳ್ಳಾಡಿದ್ದನ್ನೂ ಹೇಳಿದೆ. ಹುಲ್ಲಿನವನು ಅಲ್ಲಿದ್ದನೋ ಇಲ್ಲವೋ ನೆನಪಿಲ್ಲ. ಬೆಳಿಗ್ಗೆ ದಾರ ಕಾಂಡದಲ್ಲೇ ಇತ್ತು. ಚೆನ್ನಕ್ಕ ಬೇರು ಕಿತ್ತು ಕೊಟ್ಟಳು.

ವಾರದಲ್ಲಿ ವಸುಧೆ ಗಂಜಿ ಕೇಳಿದಳು. ಅದು ತಾನಾಗಿ ಇಳಿಯುವ ಕಾಯಿಲೆ ಎಂದರು ಡಾಕ್ಟರು; ಇರಬಹುದು. ಹುಲ್ಲಿನವನ ಮೇಲೆ ಕಣ್ಣಿಟ್ಟು ನಾನು ಕಾಂಡವನ್ನು ಬಿಟ್ಟು ಬರೀ ಗಾಳಿಗೆ ಗಂಟು ಹಾಕಿದ್ದೆನೇ ಎಂದೂ ಯೋಚಿಸಿದ್ದೇನೆ. ಹಾಗಿದ್ದರೆ ದಾರ ಬುಡದಲ್ಲಿ ಬಿದ್ದಿರಬೇಕಿತ್ತು. ಬಂಡೆ ನನ್ನ ಎದೆಯೆತ್ತರಕ್ಕಿತ್ತು.

ಬಂಡೆಯ ಮೇಲೆ ಸಿಕ್ಕ ಆ ದಾರ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಚೆನ್ನಕ್ಕ ಈಗಿಲ್ಲ. ಒಂದು ದಿನ ತಡವಾದದ್ದು ಬಸ್ಸಿನಿಂದ ಎಂದೇ ವಸುಧೆ ಇವತ್ತಿಗೂ ತಿಳಿದಿದ್ದಾಳೆ. ನಿಜವನ್ನು ನಾನು ಬಾಯಿಬಿಟ್ಟು ಹೇಳಿದ್ದು ಆ ಗಿಡಕ್ಕೆ ಮಾತ್ರ.